ಗೌರವ್ವನ ನಡುಬೆರಳು ಮತ್ತು ನನ್ನ ಸೊನ್ನೆ

2022ರಲ್ಲಿ ನಾನು ಜಮಖಂಡಿಯ ಒಂದು ಫಿಸಿಯೋಥೆರಪಿ ಕೇಂದ್ರದಲ್ಲಿ ಬಯೋಮೆಡಿಕಲ್ ಎಂಜಿನಿಯರ್ ಆಗಿದ್ದೆ. ಆಗ ಬೇಸಿಗೆ ಎಂದು ನನ್ನ ನೆನಪು. ಟಿಪ್ಪಣಿ ಪುಸ್ತಕ ಜುಲೈ ಎನ್ನುತ್ತದೆ. ಪುಸ್ತಕವನ್ನೇ ನಂಬುತ್ತೇನೆ.

ಸೆನ್ಸರ್ ಕೈಗವಸಿನ ಹೊಣೆ ನನ್ನದು. ಬೆರಳಿನ ಪ್ರತಿ ಗಂಟಿನ ಮೇಲೂ ಅದರಲ್ಲಿ ತೆಳ್ಳನೆಯ ಪಟ್ಟಿ ಇರುತ್ತದೆ. ಗಂಟು ಎಷ್ಟು ಡಿಗ್ರಿ ಬಾಗಿತೆಂದು ಪರದೆಯ ಮೇಲೆ ಮೂಡುತ್ತದೆ. ಆದರೆ ಪ್ರತಿ ಹೊಸ ಕೈಗೂ ಸೊನ್ನೆ ಎಲ್ಲಿದೆಯೆಂದು ಯಂತ್ರಕ್ಕೆ ಮೊದಲು ಕಲಿಸಬೇಕು. ಇದೇ ಕ್ಯಾಲಿಬ್ರೇಷನ್. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಿಸಿ ಗುಂಡಿ ಒತ್ತಿದರೆ ಆ ಸ್ಥಿತಿಯೇ ಸೊನ್ನೆ. ನಾವು ಅದನ್ನು ಪರೀಕ್ಷಿಸಿದ್ದೆಲ್ಲ ಕಾಲೇಜು ಹುಡುಗರ ನೆಟ್ಟಗಿನ ಬೆರಳುಗಳ ಮೇಲೆ.

ಗೌರವ್ವ ಬನಹಟ್ಟಿಯವರು, ಕೈಮಗ್ಗದಲ್ಲಿ ಸೀರೆ ನೇಯುವವರು. ಬಲಗೈಯ ನಡುಬೆರಳು ಮುರಿದು ಕೂಡಿಕೊಂಡಿತ್ತು. ಮೂರು ತಿಂಗಳಿಂದ ವ್ಯಾಯಾಮ ನಡೆದಿತ್ತು. ಬೆರಳಿನ ನಡುಗಂಟು ಎಪ್ಪತ್ತು ಡಿಗ್ರಿ ಬಾಗಿದರೆ ವ್ಯಾಯಾಮವೇ ಸಾಕು, ಇಲ್ಲವಾದರೆ ಶಸ್ತ್ರಚಿಕಿತ್ಸೆ ಎಂದು ನಮ್ಮ ಕೇಂದ್ರದ ಡಾಕ್ಟರಮ್ಮ ಹೇಳಿದ್ದರು. ಶಸ್ತ್ರಚಿಕಿತ್ಸೆ ಎಂದರೆ ಮತ್ತೆ ತಿಂಗಳುಗಟ್ಟಲೆ ಮಗ್ಗ ನಿಲ್ಲುವುದು; ಆಮೇಲೂ ಬೆರಳಿನ ಹಿಡಿತ ಮೊದಲಿನಂತಾಗುವ ಭರವಸೆ ಇರಲಿಲ್ಲ.

ಕೈಗವಸು ತೊಡಿಸಿ, ಅಂಗೈ ಮೇಜಿನ ಮೇಲೆ ಇಡಿಸಿ ಗುಂಡಿ ಒತ್ತಿ, ಆಮೇಲೆ ಮುಷ್ಟಿ ಕಟ್ಟಿಸಿದೆ. ಐವತ್ತೆಂಟು.

"ಆಪರೇಷನ್ ಬೇಕಾಗತೈತ್ರಿ ಅಕ್ಕಾರ," ಎಂದೆ.

"ತಡೀರಿ. ಇನ್ನೊಮ್ಮಿ ಕೈ ಇಡ್ತೀನಿ," ಎಂದು ಅವರು ಅಂಗೈಯನ್ನು ಮೇಜಿಗೆ ಒತ್ತಿದರು. ಎಡಗೈಯಿಂದ ಸೆರಗಿನ ತುದಿಯ ಒಂದು ಕೆಂಪು ಎಳೆ ಕಿತ್ತು ತೋರುಬೆರಳಿನ ಕೆಳಗೆ ತೂರಿಸಲು ನೋಡಿದರು. ಸಿಕ್ಕಿಕೊಂಡಿತು. ನಡುಬೆರಳಿನ ಕೆಳಗೆ ಸಲೀಸಾಗಿ ಹಾಯ್ದು ಆಚೆ ಬಂತು.

"ಮೂವತ್ತು ವರ್ಷ ಇದss ಬೆರಳಿಂದ ಲಾಳಿ ಹಗ್ಗಾ ಜಗ್ಗೇನ್ರಿ. ಮುರಿಯೂ ಮೊದಲss ಕೊಕ್ಕಿ ಆಗೇತಿ, ಮಲಗ್ಸಿದ್ರೂ ಮಲಗಂಗಿಲ್ಲ. ಹಾಸಿನ ಎಳಿ ಸಡಿಲ ಬಿಟ್ಟು ಸೀರಿ ಅಳದ್ರ ಉದ್ದ ಖರೆ ಬರತೈತೇನು? ಹಂಗ ಆಗೇತಿ ನಿಮ್ದು."

ಗೋನಿಯೋಮೀಟರ್ ತಂದೆ; ಎರಡು ಪಟ್ಟಿಗಳನ್ನು ಜೋಡಿಸಿದ ಸರಳವಾದ ಕೋನಮಾಪಕ ಅದು. ಮೊದಲೇ ತರಬೇಕಿತ್ತು. ಕೈಗವಸು ತೆಗೆಸಿ, ಅವರು ಚಪ್ಪಟೆಯಾಗಿ ಇಟ್ಟ ಕೈಯಲ್ಲಿ ಆ ಗಂಟನ್ನು ಅಳೆದರೆ ಇಪ್ಪತ್ತು ಡಿಗ್ರಿ. ನನ್ನ ಯಂತ್ರ ಇಪ್ಪತ್ತನ್ನೇ ಸೊನ್ನೆ ಎಂದು ನಂಬಿತ್ತು, ನಾನು ಯಂತ್ರವನ್ನು ನಂಬಿದ್ದೆ. ಮುಷ್ಟಿ ಕಟ್ಟಿದಾಗ ಎಪ್ಪತ್ತೆಂಟು.

ಡಾಕ್ಟರಮ್ಮ ಬಂದು ತಾವೇ ಮತ್ತೊಮ್ಮೆ ಅಳೆದರು. "ಆಪರೇಷನ್ ಬ್ಯಾಡ. ಮಗ್ಗಕ್ಕ ಕೂಡ್ರಿ, ಆದ್ರ ಮೊದಮೊದಲ ದಿನಕ್ಕ ಅರ್ಧ ತಾಸು ಅಷ್ಟss."

ಗೌರವ್ವ ನನ್ನ ಕಡೆ ತಿರುಗಿದರು. "ನಿಮ್ಮ ಮಷಿನ್ನಿಗೂ ಒಂದೀಟು ವ್ಯಾಯಾಮ ಹೇಳಿಕೊಡ್ರಿ ಸಾಹೇಬ್ರ."

ಅಂದಿನಿಂದ ಗುಂಡಿ ಒತ್ತುವ ಮೊದಲು ಪ್ರತಿ ಗಂಟನ್ನೂ ಕೈಯಾರೆ ಅಳೆಯುತ್ತೇನೆ. ಈ ಕೈ ಇಷ್ಟು ವರ್ಷ ಏನು ಕೆಲಸ ಮಾಡಿದೆ ಎಂದೂ ಕೇಳುತ್ತೇನೆ. ಈ ಪ್ರಸಂಗವನ್ನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಹೇಳುತ್ತ ಹೇಳುತ್ತ ಯಾವಾಗಲೋ ನನ್ನ ಕಥೆಯಲ್ಲಿ ಎಳೆ ತೂರಿಸಿದವನು ನಾನೇ ಆಗಿಬಿಟ್ಟಿದ್ದೆ, ಅದು ನನಗೆ ಗೊತ್ತೂ ಆಗಿರಲಿಲ್ಲ. ಇದನ್ನು ಬರೆಯಲೆಂದು ಹಳೆಯ ಟಿಪ್ಪಣಿ ಪುಸ್ತಕ ತೆರೆದೆ. ಆ ದಿನದ ಪುಟದಲ್ಲಿ ಕೆಂಪು ಎಳೆ ಅಂಟಿಕೊಂಡೇ ಇದೆ. ಪಕ್ಕದಲ್ಲಿ ನನ್ನದೇ ಅಕ್ಷರ: 'ಗೌರವ್ವ ತೋರಿಸಿದ್ದು.'