ದಯಾಮಣಿಯಮ್ಮನ ಮನೆಯ ಶುಕ್ರವಾರ

ಚರ್ಚಿನೊಳಗೂ ಜಾತಿ ಇದೆ. ಗೊತ್ತಿರಲಿಲ್ಲ ಅನ್ನುವವರು ಸುಳ್ಳು ಹೇಳುತ್ತಾರೆ.

ದಯಾಮಣಿಯಮ್ಮ ಭದ್ರಾವತಿಯ ನ್ಯೂ ಟೌನ್‌ನಲ್ಲಿ ಒಂದು ಶಾಲೆಯ ಕಸ ಗುಡಿಸುತ್ತಾರೆ. ಮಧ್ಯಾಹ್ನದ ಬೆಲ್ ಹೊಡೆದ ಮೇಲೆ ನೀರಿನ ಟ್ಯಾಂಕಿನ ನೆರಳಿಗೆ ಹೋಗಿ ಬೈಬಲ್ ಬಿಚ್ಚುತ್ತಾರೆ. ದಿನಕ್ಕೆ ಒಂದೇ ಅಧ್ಯಾಯ, ಆದರೆ ಪೂರ್ತಿ. ಮೊದಲ ಸಲ ತುಟಿ ಅಲ್ಲಾಡಿಸುತ್ತಾ, ಎರಡನೇ ಸಲ ಸಾಲಿನ ಕೆಳಗೆ ಬೆರಳಿಟ್ಟು. ಆಮೇಲೆ ಕಣ್ಣು ಮುಚ್ಚಿ, ಇದರಲ್ಲಿ ನನಗೆ ಏನು ಹೇಳಿದೆ ಎಂದು ಯೋಚಿಸುತ್ತಾ ಕೂರುತ್ತಾರೆ. ಹಳೇ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು ಪೊರಕೆ ಎತ್ತಿಕೊಳ್ಳುತ್ತಾರೆ.

ಅವರ ಚರ್ಚಿನ ಸಭೆಯಲ್ಲಿ ಪ್ರತಿ ಶುಕ್ರವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ. ಸರದಿಯ ಪಟ್ಟಿ ಬರೆಯುವವನು ಸಭೆಯ ಹಿರಿಯ ವಿಜಯಕುಮಾರ್, ಮಾಚೇನಹಳ್ಳಿಯಲ್ಲಿ ವರ್ಕ್‌ಶಾಪ್ ಇಟ್ಟವನು. ದಯಾಮಣಿಯಮ್ಮ ಏಳು ವರ್ಷ ಎಲ್ಲರ ಮನೆಯ ಚಾಪೆಯ ಮೇಲೆ ಕೂತು ಬಂದರು. ಪೌರಕಾರ್ಮಿಕರ ಕಾಲೊನಿಯ ಅವರ ಮನೆಗೆ ಮಾತ್ರ ಸರದಿ ಬರಲೇ ಇಲ್ಲ.

"ಅಯ್ಯಾ, ನಮ್ಮನೇಲೂ ಒಂದ್ ಶುಕ್ರವಾರ ಇಟ್ಕೊಳಿ."

"ಜಾಗ ಸಾಲಲ್ಲ ಕಣಮ್ಮ."

"ಹೊರಗಡೆ ಶಾಮಿಯಾನ ಹಾಕಿಸ್ತೀನಿ."

"ಚರಂಡಿ ವಾಸನೆ. ವಯಸ್ಸಾದೋರು ಬರ್ತಾರೆ."

"ಊರ ಚರಂಡಿ ಬಳಿಯೋರೇ ನಾವು. ನಮ್ ಬಾಗ್ಲುದು ಹಂಗೇ ಬಿಡ್ತೀವಾ ಅಯ್ಯಾ?"

ಕೂತವರು ನಕ್ಕರು. ವಿಜಯಕುಮಾರ್ ನಗಲಿಲ್ಲ.

ಈ ವರ್ಷ, 2003ರಲ್ಲಿ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಶುರುವಾದಾಗ ಪಟ್ಟಿಯಲ್ಲಿ ಅವರ ಹೆಸರು ಬಂತು. ಮಾರ್ಚ್ ತಿಂಗಳ ಕೊನೆಯ ಶುಕ್ರವಾರ. ಯಾವ ಭಾಗ ಓದಬೇಕೆಂದು ಆರಿಸುವುದು ಮನೆಯವರ ಹಕ್ಕು. ಎರಡು ತಿಂಗಳಿಂದ ಟ್ಯಾಂಕಿನ ನೆರಳಲ್ಲಿ ಬೈಬಲಿನ ಯೆಶಾಯನ ಪುಸ್ತಕ ಓದುತ್ತಿದ್ದ ದಯಾಮಣಿಯಮ್ಮ, ದೇವರು ತನಗೆ ಬೇಕಾದ ಉಪವಾಸ ಯಾವುದೆಂದು ಹೇಳುವ ಅಧ್ಯಾಯ ಆರಿಸಿಕೊಂಡರು. ಜಗಳಕ್ಕಲ್ಲ. ಹಸಿದವರ ಜೊತೆ ಹಂಚಿಕೊಂಡು ತಿನ್ನಿ, ನೆಲೆಯಿಲ್ಲದವರನ್ನು ಮನೆಗೆ ಕರೆಯಿರಿ, ನಿಮ್ಮ ರಕ್ತದವರಿಗೇ ಮುಖ ತಪ್ಪಿಸಬೇಡಿ ಅನ್ನುವ ಮಾತು ಅದರಲ್ಲಿತ್ತು. ಜನ ಮನೆಗೆ ಬರುವ ದಿನ ಇದಕ್ಕಿಂತ ಒಳ್ಳೆಯ ಮಾತು ಯಾವುದು ಅಂತ ಅವರ ಎಣಿಕೆ.

ಪಕ್ಕದ ಮನೆಯ ಮೆಹರ್ ಬಾನು ಲೋಟ ಕೊಟ್ಟಳು. ಕೇಸರಿಬಾತ್ ಆಯಿತು, ಟೀ ಆಯಿತು. ಮೂವತ್ತು ಜನ ಬಂದರು. ಬಂದರಲ್ಲ ಎಂದು ದಯಾಮಣಿಯಮ್ಮನ ಕಣ್ಣು ತುಂಬಿತು. ಅಧ್ಯಾಯ ಓದಿದ್ದಾಯಿತು, ಎಲ್ಲರೂ ಆಮೆನ್ ಅಂದರು. ಅವರು ತಟ್ಟೆ ಎತ್ತಿಕೊಂಡು ಬಂದರು.

"ನಂಗೆ ಉಪವಾಸ ಕಣಮ್ಮ," ಅಂದ ವಿಜಯಕುಮಾರ್.

"ನಂಗೂ," ಅಂದಳು ಅವನ ಹೆಂಡತಿ ಪ್ರಿಯದರ್ಶಿನಿ. "ಬೇಜಾರು ಮಾಡ್ಕೋಬೇಡಿ."

ಟೀ ಕೂಡ ಬೇಡ. ಮೂವತ್ತು ಜನಕ್ಕೂ ಉಪವಾಸ. ಹಿಂದಿನ ಶುಕ್ರವಾರ ಇದೇ ಉಪವಾಸಿಗಳು ವಿಜಯಕುಮಾರನ ಮನೆಯಲ್ಲಿ ಈರುಳ್ಳಿ ಬಜ್ಜಿ ಎರಡೆರಡು ಸಲ ಹಾಕಿಸಿಕೊಂಡು ತಿಂದಿದ್ದರು! ದಯಾಮಣಿಯಮ್ಮನೂ ಅಲ್ಲಿ ಕೂತಿದ್ದರು. ಉಪವಾಸದ ದಿನಗಳ ಈ ತಾರೀಖೇ ತನಗೆ ಯಾಕೆ ಸಿಕ್ಕಿತು ಎಂದು ಅವರಿಗೆ ಆಗ ಗೊತ್ತಾಯಿತು.

ಬಾಗಿಲಲ್ಲಿ ನಿಂತಿದ್ದ ಮೆಹರ್ ಬಾನು ಕೇಳಿಯೇಬಿಟ್ಟಳು: "ನಮ್ ರೋಜಾ ಸಂಜೆಗೆ ಬಿಡ್ತೀವಿ ಮಾರಾಯ್ತಿ. ನಿಮ್ಮೋರ್ದು ಯಾವಾಗ ಬಿಡೋದು?"

ದಯಾಮಣಿಯಮ್ಮ ತಟ್ಟೆ ಕೆಳಗಿಟ್ಟು ಬೈಬಲ್ ಮತ್ತೆ ಬಿಚ್ಚಿದರು. ಅದೇ ಅಧ್ಯಾಯ, ಮೊದಲ ಸಾಲಿನಿಂದ, ಈ ಸಲ ಗಟ್ಟಿಯಾಗಿ.

"ಈಗ್ತಾನೇ ಓದಿದ್ವಲ್ಲ," ಅಂದ ವಿಜಯಕುಮಾರ್. "ವ್ಯಾಖ್ಯಾನ ಮಾಡೋಕೆ ಪಾಸ್ಟರು ಇದ್ದಾರೆ."

"ವ್ಯಾಖ್ಯಾನ ಮಾಡ್ತಿಲ್ಲ ಅಯ್ಯಾ. ನಾನು ದಿನಾ ಎರಡು ಸಲ ಓದ್ತೀನಿ. ಒಂದೇ ಸಲಕ್ಕೆ ನಂಗೂ ತಲೆಗೆ ಹತ್ತಲ್ಲ."

ಓದಿ ಮುಗಿಸುವಷ್ಟರಲ್ಲಿ ಹೊರಗೆ ಸ್ಕೂಟರುಗಳು ಸ್ಟಾರ್ಟ್ ಆಗಿದ್ದವು. ಮೆಹರ್ ಬಾನು ಒಳಗೆ ಬಂದು ಕೂತು, ಆರಿದ ಟೀ ಕುಡಿದಳು.

ಈಸ್ಟರ್ ಮುಗಿದ ಮೇಲಿನ ಮೊದಲ ಶುಕ್ರವಾರಕ್ಕೆ ದಯಾಮಣಿಯಮ್ಮ ಇಡೀ ಸಭೆಯನ್ನು ಮತ್ತೆ ಕರೆದಿದ್ದಾರೆ. ಪಟ್ಟಿಗೆ ಕಾಯದೆ, ತಾವೇ ಮನೆಮನೆಗೆ ಹೋಗಿ. ಅವತ್ತು ಯಾರಿಗೂ ಉಪವಾಸವಿಲ್ಲ. ಇದನ್ನು ಓದುತ್ತಿರುವ ನೀವು ಆ ಸಭೆಯವರೇ ಆಗಿದ್ದರೆ, ಮರುಕ ತೋರಿಸಿ ಹಾಳೆ ಮಡಚಬೇಡಿ. ಹೋಗಿ. ಚಾಪೆಯ ಮೇಲೆ ಕೂತು, ಅವರು ಬಡಿಸಿದ್ದನ್ನು ಅವರೆದುರೇ ತಿನ್ನಿ.