ನೀಲಿ ಮುಖದ ಅಳು

ಆ ಸಿನಿಮಾದ ವಿಮರ್ಶೆ ನೆನೆದರೆ ಇವತ್ತಿಗೂ ವಾಕರಿಕೆ ಬರುತ್ತದೆ.

ಬೇರೆ ಗ್ರಹದ ರಾಣಿಯನ್ನು ಭೂಮಿಯ ಹುಡುಗ ಪ್ರೀತಿಸುವ ಸಿನಿಮಾ ಅದು. ಕ್ಯಾತಗಾನಚೆರ್ಲು ಕಡೆಯ ಸೋಲಾರ್ ಫಲಕಗಳ ನಡುವೆ ಚಿತ್ರೀಕರಣ ಮಾಡಿದ್ದರು. ಆ ಗ್ರಹದ ಮುದುಕಿಯರಾಗಲು ವೈ.ಎನ್.ಹೊಸಕೋಟೆ ಹತ್ತಿರದ ನಮ್ಮ ಹಳ್ಳಿಯ ಹೆಂಗಸರನ್ನು ಕರೆದೊಯ್ದು ಮುಖಕ್ಕೆ ನೀಲಿ ಬಳಿದರು. ಅವರಲ್ಲಿ ನನ್ನ ಸೋದರತ್ತೆಯೂ ಒಬ್ಬಳು. "ಬಾಯಿಗೆ ಬಂದದ್ದು ಹೇಳಿ, ಅರ್ಥ ಇರಬಾರದು" ಎಂದಿದ್ದರಂತೆ ನಿರ್ದೇಶಕರು. ಅರ್ಥವಿಲ್ಲದ ಮಾತಾಡಿ ಅಭ್ಯಾಸವಿದ್ದರೆ ತಾನೇ ನಮ್ಮ ಹೆಂಗಸರಿಗೆ!

ಸಿನಿಮಾ ಬಂದಾಗ ಅತ್ತೆಯನ್ನು ಮಧುಗಿರಿಯ ಟಾಕೀಸಿಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಒಂದೇ ವರಾತ: "ನಾನತ್ತಿದ್ದು ಮಡಗವ್ರೋ, ತೆಗ್ದ್‌ಬುಟ್ಟವ್ರೋ?"

ಮೊದಲು ರಾಣಿಯ ಆಸ್ಥಾನ ಬಂತು. ಅಲ್ಲಿ ನೀಲಿ ಮುಖದ ನಮ್ಮ ಪಕ್ಕದ ಮನೆಯಾಕೆ ಗಂಭೀರವಾಗಿ, "ಒಲೆ ಮೇಲೆ ಹಾಲೈತೆ, ಬೇಗ ಬುಡ್ರಪ್ಪ" ಎಂದಳು. ಪರದೆಯ ಕೆಳಗೆ "ನಕ್ಷತ್ರಗಳು ಮುನಿದಿವೆ" ಎಂದು ಅಕ್ಷರ ಮೂಡಿತು. ಟಾಕೀಸೆಲ್ಲ ಬಿದ್ದು ಬಿದ್ದು ನಕ್ಕಿತು, ಅತ್ತೆಯೂ ನಕ್ಕಳು.

ಕೊನೆಗೆ ರಾಣಿ ಸತ್ತಳು. ಹೆಣದ ಪಕ್ಕ ಕೂತ ನೀಲಿ ಮುದುಕಿ, ನಮ್ಮತ್ತೆ, ಎದೆ ಬಡಿದುಕೊಂಡಳು. "ನಾ ತಲ್ಲೀ, ನನ್ನವ್ವಾ, ಬುತ್ತಿ ಕಟ್ಟಿದ್ನಲ್ಲೇ, ತಿನ್ದಂಗೆ ಹೊಂಟೋದ್ಯಲ್ಲೇ..."

ನಮ್ಮಲ್ಲಿ ಹೆಣದ ಮುಂದೆ ಕೂತು, ಸತ್ತವರ ಜೊತೆ ಮಾತಾಡುತ್ತಲೇ ರಾಗವಾಗಿ ಅಳಬೇಕು. ತನ್ನ ಮಗಳು ತೀರಿಕೊಂಡಾಗ ಅತ್ತೆ ತಾನೂ ಆಸ್ಪತ್ರೆಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಳು. ಎದ್ದು ಬರುವಷ್ಟರಲ್ಲಿ ಮಣ್ಣಾಗಿತ್ತು. ಆವತ್ತು ಅಳಲಾಗದ್ದನ್ನು ಅವಳು ಕ್ಯಾಮೆರಾದ ಮುಂದೆ ಅತ್ತಿದ್ದಳು. ಟಾಕೀಸಿನಲ್ಲಿ ಆಗ ನಕ್ಕವರೇ ಈಗ ಕಣ್ಣೊರೆಸಿಕೊಂಡರು. ನನಗೆ ದುಃಖ ಉಕ್ಕಿ ಬಂತು.

ಮಾರನೆಯ ದಿನ ಪತ್ರಿಕೆಯಲ್ಲಿ ವಿಮರ್ಶೆ ಬಂತು. ದೃಶ್ಯವೈಭವಕ್ಕೆ ಹೊಗಳಿಕೆಯ ಸುರಿಮಳೆ. ಆಮೇಲೆ, ಅರ್ಥದ ಹಂಗೇ ಇಲ್ಲದ ಹೊಸ ಭಾಷೆಯೊಂದನ್ನು ಕಟ್ಟಿದ್ದಾರಂತೆ, ಕೊನೆಯ ಅಳುವಂತೂ ಬರೀ ನಾದದ ವಿನ್ಯಾಸವಂತೆ. ಸಣ್ಣ ಊರುಗಳಲ್ಲಿ ಜನ ನಗುತ್ತಿದ್ದಾರೆ, ಅವರ ಅಭಿರುಚಿ ಇನ್ನೂ ಬೆಳೆಯಬೇಕು ಎಂಬ ಉಪದೇಶ ಬೇರೆ. ಥೂ! ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ? ಪತ್ರಿಕೆಯನ್ನು ಮುದುರಿ ಎಸೆದೆ.

ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಅತ್ತೆ ಬಿಡಲಿಲ್ಲ. "ನನ್ ಅಳೂಗೆ ಏನ್ ಬರ್ದವ್ರೆ, ಓದ್ಲಾ."

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎಸೆದ ಪತ್ರಿಕೆಯನ್ನು ಬಿಡಿಸಿ ಇದ್ದದ್ದನ್ನು ಓದಿ, ಬರೆದವನಿಗೆ ಹಿಡಿಶಾಪ ಹಾಕಿದೆ.

"ಅರ್ಥ ಇಲ್ಲ ಅಂದ್ನಾ?" ಎಂದಳು. ಮಡಿಲಲ್ಲಿದ್ದ ಸಿಪ್ಪೆ ಕೊಡವಿದಳು. "ಅಂಗಾದ್ರೆ ಅವ್ನ ಮನೇಲಿ ಮಕ್ಳು ಯಾರೂ ಸತ್ತಿಲ್ಲ ಕಣ್ಲಾ. ಬಯ್ಬ್ಯಾಡ. ಅವ್ನಿಗೆ ಅರ್ಥ ಆಗೋದೇ ಬ್ಯಾಡ ಬುಡು."