ಕೋರೆಹಲ್ಲಿನ ರಂಗೋಲಿ

ನಾನು ಹಲ್ಲಿನ ಡಾಕ್ಟರು. ಮಿಷಿಗನ್ನಿನ ರಾಚೆಸ್ಟರ್ ಹಿಲ್ಸ್‌ನಲ್ಲಿ ಒಂದು ಪಿಜ್ಜಾ ಅಂಗಡಿಗೂ ಡ್ರೈ ಕ್ಲೀನರ್‌ಗೂ ನಡುವೆ ನನ್ನ ಕ್ಲಿನಿಕ್ಕಿದೆ. ಇಪ್ಪತ್ತು ವರ್ಷದಿಂದ ಕಂಡವರ ಬಾಯಲ್ಲಿ ಕೈಯಿಟ್ಟೇ ಅನ್ನ ತಿಂದಿದ್ದೇನೆ. ನಾನು ಬೆಳೆದ ಮೈಸೂರಿನ ಮನೆಯಲ್ಲಾದರೋ, ನೀರಿನ ಲೋಟ ತುಟಿಗೆ ತಾಗಿದರೆ ಸಾಕು, ಅಮ್ಮ ಅಡುಗೆಮನೆಯಿಂದಲೇ ಗದರುತ್ತಿದ್ದಳು. ಎತ್ತಿ ಕುಡಿಯಬೇಕು, ಇಲ್ಲದಿದ್ದರೆ ಎಂಜಲು. ಆ ಮನೆಯ ಹುಡುಗಿ ಹೋಗಿ ಹೋಗಿ ಇದೇ ಕೆಲಸ ಹಿಡಿದಳಲ್ಲ ಎಂದು ಅವಳಿಗೆ ಇವತ್ತಿಗೂ ಕಸಿವಿಸಿ. ನಾನು ನಗುತ್ತೇನೆ. ಎಂಜಲು ಅನ್ನುವುದನ್ನು ಮೈಸೂರಿನಲ್ಲೇ ಬಿಟ್ಟು ವಿಮಾನ ಹತ್ತಿದೆ ಎಂದೇ ನಾನು ತಿಳಿದುಕೊಂಡಿದ್ದೆ.

ಆ ಅಜ್ಜಿ ಮೊದಲ ಸಲ ಬಂದದ್ದು ಒಂದು ಮಾರ್ಚ್ ತಿಂಗಳಲ್ಲಿ, ಮಗಳ ಜೊತೆ. ವಯಸ್ಸು ಎಪ್ಪತ್ತು ದಾಟಿತ್ತು. ಈ ನೆಲದ ಮೂಲನಿವಾಸಿಗಳಾದ ಒಜಿಬ್ವೆ ಜನ ಅವರು. ಹುಟ್ಟಿ ಬೆಳೆದದ್ದು ಮಿಷಿಗನ್ನಿನ ಉತ್ತರದ ಕಾಡುಗಳ ಕಡೆ. ಗಂಡ ತೀರಿಕೊಂಡ ಮೇಲೆ ಇಲ್ಲಿಗೆ, ಮಗಳ ಮನೆಗೆ ಬಂದಿದ್ದರು. ಮಗಳಿಗೆ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯ ಆಫೀಸಿನಲ್ಲಿ ಕೆಲಸ. ಎಕ್ಸ್‌ರೇ ನೋಡಿದೆ. ವಸಡಿನ ಕಾಯಿಲೆಯಿಂದ ದವಡೆಯ ಮೂಳೆ ಕರಗಿತ್ತು. ಮೇಲಿನ ಎರಡು ಕೋರೆಹಲ್ಲುಗಳು ಬೆರಳು ಸೋಕಿದರೂ ಅಲ್ಲಾಡುತ್ತಿದ್ದವು. ದಿನಕ್ಕೆ ನಾಲ್ಕು ಸಲ ಹೇಳುವ ಮಾತನ್ನೇ ಹೇಳಿದೆ: ಇವೆರಡೂ ಉಳಿಯುವುದಿಲ್ಲ, ತೆಗೆದು ಇಂಪ್ಲಾಂಟ್ ಹಾಕೋಣ.

ಅವರು ಮಾತಾಡಿದ್ದು ಇಂಗ್ಲಿಷಿನಲ್ಲೇ. ಆದರೆ ನನ್ನ ನೆನಪಿನಲ್ಲಿ ಅದು ಕನ್ನಡವಾಗಿ ಕೂತುಬಿಟ್ಟಿದೆ, ಹಾಗೆಯೇ ಬರೆಯುತ್ತೇನೆ.

"ಬೇರೆ ಯಾವ ಹಲ್ಲು ಬೇಕಾದ್ರೂ ಕೀಳಿ ಡಾಕ್ಟರ್. ಇವೆರಡನ್ನ ಬಿಟ್ಬಿಡಿ. ನಾನು ಚಿತ್ರ ಬರಿಯೋದೇ ಇವುಗಳಲ್ಲಿ."

ಬುದ್ಧಿ ಸ್ವಲ್ಪ ಏರುಪೇರಾಗಿದೆಯೇನೋ ಎಂದು ನಾನು ಮಗಳ ಮುಖ ನೋಡಿದೆ. ಅಜ್ಜಿಗೆ ಅದು ಗೊತ್ತಾಯಿತು. ಕೈಚೀಲದಿಂದ ಒಂದು ಹಳೆಯ ಟೆಲಿಫೋನ್ ಡೈರೆಕ್ಟರಿ ತೆಗೆದರು. ಅದರ ಹಾಳೆಗಳ ನಡುವೆ ಬರ್ಚ್ ಮರದ ತೊಗಟೆಯ ಪದರಗಳಿದ್ದವು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಒಂದನ್ನು ತೆಗೆದು ಎರಡಾಗಿ, ನಾಲ್ಕಾಗಿ, ಮತ್ತೆ ಮೂಲೆಗೆ ಮೂಲೆ ಸೇರಿಸಿ ಮಡಿಸಿದರು. ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡರು. ಕೈ ಮಡಿಕೆಯನ್ನು ತಿರುಗಿಸುತ್ತಿತ್ತು, ಕೋರೆಹಲ್ಲು ಕಟುಕು ಕಟುಕು ಎಂದು ಕಚ್ಚುತ್ತಿತ್ತು. ಎರಡು ನಿಮಿಷವೂ ಆಗಿರಲಿಲ್ಲ. ಮಡಿಕೆ ಬಿಚ್ಚಿ ನನ್ನ ಕುರ್ಚಿಯ ಮೇಲಿನ ದೀಪಕ್ಕೆ ಹಿಡಿದರು. ಎಂಟು ಎಸಳಿನ ಒಂದು ಹೂವು, ಸುತ್ತ ನಾಲ್ಕು ಏರೋಪ್ಲೇನ್ ಚಿಟ್ಟೆ. ಎಲ್ಲವೂ ಚುಕ್ಕಿಯಲ್ಲೇ ಆದದ್ದು. ಒಂದು ಕಡೆಯೂ ತೂತು ಬಿದ್ದಿರಲಿಲ್ಲ.

ನಾನು ಆ ಹೊತ್ತಿನಲ್ಲಿ ಗ್ಲೌಸು ಹಾಕಿದ ಕೈಯನ್ನು ಮೇಲೆತ್ತಿಕೊಂಡು ಪೆದ್ದಿಯ ಹಾಗೆ ನಿಂತಿದ್ದೆ. ಅದು ಅಮ್ಮ ಶುಕ್ರವಾರ ದೇವರ ಮುಂದೆ ಇಡುತ್ತಿದ್ದ ಅಷ್ಟದಳದ ರಂಗೋಲಿಯೇ ಆಗಿತ್ತು. ಅಮ್ಮ ಚುಕ್ಕಿ ಎಣಿಸಿಕೊಂಡು, ಗೆರೆ ನೋಡಿಕೊಂಡು ಇಡುತ್ತಿದ್ದಳು. ಇವರಿಗೆ ಎಣಿಸುವುದೂ ಇಲ್ಲ, ನೋಡುವುದೂ ಇಲ್ಲ. ತೊಗಟೆಯನ್ನೂ ನಾನು ಕಂಡಿದ್ದೆ. ಮೈಸೂರಿನ ಗ್ರಂಧಿಗೆ ಅಂಗಡಿಯಲ್ಲಿ ಭೂರ್ಜಪತ್ರ ಎಂದು ಕೊಡುತ್ತಾರಲ್ಲ, ಅದರ ಹತ್ತಿರದ ಬಳಗ ಇದು. ಚಿಕ್ಕಂದಿನಲ್ಲಿ ಜ್ವರ ಬಿಡದೆ ಮಲಗಿದ್ದಾಗ ಅದರ ಮೇಲೆ ಯಂತ್ರ ಬರೆಸಿ ತಾಯಿತ ಮಾಡಿ ನನ್ನ ತೋಳಿಗೆ ಕಟ್ಟಿದ್ದರು. ಇದನ್ನು ಅಜ್ಜಿಗೆ ಹೇಳಿದಾಗ, "ಹಾಗಿದ್ರೆ ನಿಮಗೆ ಅರ್ಥ ಆಗತ್ತೆ ಬಿಡಿ" ಎಂದರು. ಆ ನಂಬಿಕೆ ಅವರಿಗೆ ಅಂದೇ ಹುಟ್ಟಿತು.

ಹಲ್ಲು ಕೀಳಲಿಲ್ಲ. ಆನ್ ಆರ್ಬರ್‌ನಲ್ಲಿರುವ ವಸಡಿನ ತಜ್ಞರೊಬ್ಬರಿಗೆ ತೋರಿಸಿ, ಅಲ್ಲಾಡುವ ಹಲ್ಲುಗಳನ್ನು ಪಕ್ಕದವುಗಳ ಜೊತೆ ಹಿಂದಿನಿಂದ ಸಣ್ಣ ತಂತಿಯಲ್ಲಿ ಬಿಗಿದೆ. ಮೂರು ತಿಂಗಳಿಗೊಮ್ಮೆ ಬಂದು ಕ್ಲೀನ್ ಮಾಡಿಸಿಕೊಳ್ಳಬೇಕು ಎಂದೆ. ಒಂದೂವರೆ ವರ್ಷ ತಪ್ಪದೆ ಬಂದರು.

ಆ ಕುರ್ಚಿಯಲ್ಲಿ ಕೂತು, ಮರಗಟ್ಟಿಸುವ ಔಷಧಿ ಹಿಡಿಯುವ ತನಕ ಅವರು ಹೇಳಿದ ಕಥೆಗಳು ಒಂದೆರಡಲ್ಲ. ಬರ್ಚ್ ಮರಕ್ಕೆ ಸಿಡಿಲು ಬಡಿಯುವುದಿಲ್ಲ. ಹಿಂದೆ ಅವರ ಪುರಾಣಪುರುಷನೊಬ್ಬ ಸಿಡಿಲು ಎಸೆಯುವ ಗುಡುಗಿನ ಹಕ್ಕಿಗಳ ಗೂಡಿಗೆ ನುಗ್ಗಿ ಮರಿಗಳ ಗರಿ ಕದ್ದನಂತೆ. ಹಕ್ಕಿಗಳು ಅಟ್ಟಿಸಿಕೊಂಡು ಬಂದಾಗ ಪೊಳ್ಳು ಬರ್ಚ್ ಮರದೊಳಗೆ ನುಸುಳಿಕೊಂಡ. ಆ ಮರ ಅವನನ್ನು ಬಿಟ್ಟುಕೊಡಲಿಲ್ಲ. ತೊಗಟೆಯ ಮೇಲೆ ಇವತ್ತಿಗೂ ಕಾಣುವ ಕಪ್ಪು ಗುರುತುಗಳು ಆ ಹಕ್ಕಿಗಳದೇ. ತೊಗಟೆ ತೆಗೆಯುವ ಮೊದಲು ಬುಡಕ್ಕೆ ಒಂದು ಚಿಟಿಕೆ ತಂಬಾಕು ಹಾಕಿ ಮರವನ್ನು ಕೇಳಬೇಕು. ಹೊರಗಿನ ಪದರವನ್ನಷ್ಟೇ ಬಿಡಿಸಬೇಕು, ಚಾಕು ಒಳಗಿಳಿದರೆ ಮರ ಸಾಯುತ್ತದೆ. ಕಿಟಕಿಯಾಚೆ ಪಾರ್ಕಿಂಗ್ ಲಾಟಿನಲ್ಲಿ ಅಂದಕ್ಕೆಂದು ನೆಟ್ಟಿದ್ದ ಮೂರು ಬರ್ಚ್‌ಗಳ ತುದಿ ಅದಾಗಲೇ ಒಣಗಿತ್ತು, ಒಳಗೆ ಹುಳ ಹಿಡಿದಿತ್ತು. ಅಜ್ಜಿ ಪ್ರತಿ ಸಲ ಅತ್ತ ನೋಡಿ, "ಸಿಡಿಲು ಮುಟ್ಟದ ಮರ, ಹುಳದ ಬಾಯಿಗೆ ಬಿತ್ತು ನೋಡಿ" ಎನ್ನುತ್ತಿದ್ದರು.

ಕಚ್ಚಿ ಬರೆಯುವುದನ್ನು ಅವರಿಗೆ ಕಲಿಸಿದ್ದು ಅವರ ಅಮ್ಮ. ಆ ಅಮ್ಮನನ್ನು ಆರು ವರ್ಷಕ್ಕೇ ಮನೆಯಿಂದ ಎಳೆದುಕೊಂಡು ಹೋಗಿ ದೂರದ ವಸತಿ ಶಾಲೆಗೆ ಹಾಕಿದ್ದರಂತೆ. ಅಲ್ಲಿ ಮನೆಮಾತು ಆಡಿದ ಮಕ್ಕಳ ಬಾಯನ್ನು ಸೋಪು ಹಾಕಿ ತೊಳೆಯುತ್ತಿದ್ದರಂತೆ. "ನಿನ್ನ ಒಳ್ಳೇದಕ್ಕೇ, ಕ್ಲೀನ್ ಆಗ್ಲಿ ಅಂತ" ಎಂದು ಹೇಳಿ ಹೇಳಿ ತೊಳೆದರಂತೆ. ಆ ಅಮ್ಮನಿಗೆ ಭಾಷೆ ಹೊರಟುಹೋಯಿತು, ಅವರ ಮಗಳಾದ ಈ ಅಜ್ಜಿಗೆ ಬರಲೇ ಇಲ್ಲ.

"ಆದ್ರೆ ಕಚ್ಚೋದಕ್ಕೆ ಮಾತು ಬೇಡವಲ್ಲ" ಎಂದರು ಅಜ್ಜಿ. "ಅದೊಂದು ಉಳ್ಕೊಂತು."

ಅವರ ಮಗಳು ಅದನ್ನು ಕಲಿತಿರಲಿಲ್ಲ. "ಅಮ್ಮಂಗೆ ಬರುತ್ತಲ್ಲ, ಯಾವಾಗಾದ್ರೂ ಕಲೀಬಹುದು ಅಂದ್ಕೊಂಡೆ" ಎಂದು ನನಗೊಮ್ಮೆ ಹೇಳಿದಳು. ಈಚೆಗೆ ಕೂತು ಪ್ರಯತ್ನಿಸಿದರೂ ಹಿಡಿತಕ್ಕೆ ಬಂದಿರಲಿಲ್ಲ. ನನ್ನದೂ ಅದೇ ಕಥೆ. ಅಮ್ಮನ ರಂಗೋಲಿಯಲ್ಲಿ ಒಂದು ಗೆರೆಯೂ ನನಗೆ ಬರುವುದಿಲ್ಲ. ಗೌರಿಹಬ್ಬಕ್ಕೆ ಸ್ಟಿಕ್ಕರ್ ತಂದು ಅಂಟಿಸುತ್ತೇನೆ. ಅಜ್ಜಿ ನನಗೂ ಒಂದು ತೊಗಟೆ ಮಡಿಸಿಕೊಟ್ಟು ಕಚ್ಚಿ ಎಂದರು. ಹಲ್ಲಿನ ಡಾಕ್ಟರು, ನನಗೆ ಗೊತ್ತಿಲ್ಲದ ಹಲ್ಲೇ ಎಂದು ಕಚ್ಚಿದೆ. ಬಿಚ್ಚಿದರೆ ಬರೀ ತೂತು, ಇಲಿ ಕಡಿದ ಹಾಗೆ. ಅಜ್ಜಿ ಕುರ್ಚಿಯ ಕೈ ತಟ್ಟಿಕೊಂಡು ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಮರುವರ್ಷದ ಅಕ್ಟೋಬರಿನಲ್ಲಿ ಕೀವು ತುಂಬಿತು. ಇನ್ನು ಕಾಯುವ ಹಾಗಿರಲಿಲ್ಲ. ಕೀಳುವ ದಿನ ಅಜ್ಜಿ ಒಂದು ಗಂಟೆ ಮೊದಲೇ ಬಂದರು. ಇಂಜೆಕ್ಷನ್ ಕೊಡುವ ಮೊದಲು ಒಂದು ಕೆಲಸವಿದೆ ಎಂದು ಆ ಡೈರೆಕ್ಟರಿ ತೆಗೆದು, ಅದರಲ್ಲಿದ್ದ ಅತಿ ಒಳ್ಳೆಯ ಪದರವನ್ನು ಆರಿಸಿಕೊಂಡರು. ನೋವಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಿಲ್ಲಿಸಿ ನಿಲ್ಲಿಸಿ ಕಚ್ಚಿದರು. ಅವರ ಅಮ್ಮ ಕಲಿಸಿದ ಕೊನೆಯ ಚಿತ್ರವಂತೆ ಅದು: ನಡುವೆ ಹೂವು, ಅದರ ಸುತ್ತ ಎಲೆ, ಎಲೆಗಳ ನಡುವೆ ರೆಕ್ಕೆ ಬಿಚ್ಚಿದ ಗುಡುಗಿನ ಹಕ್ಕಿ. ಮಾರುವುದಕ್ಕೆಂದು ಅದನ್ನು ಎಂದೂ ಮಾಡಿರಲಿಲ್ಲ.

"ಇದನ್ನ ನೀವಿಟ್ಕೊಳ್ಳಿ" ಎಂದು ನನ್ನ ಕೈಗೆ ಕೊಟ್ಟರು. "ಹೊಸ ಹಲ್ಲು ಹೀಗೇ ಗುರುತು ಬಿಡ್ಬೇಕು. ಅದಾಗೋವರ್ಗೂ ಇದೇ ಅಳತೆ."

"ನಿಮ್ಮ ಹಲ್ಲಿನ ಅಚ್ಚು ತೆಗ್ದಿಟ್ಟಿದೀನಿ" ಎಂದೆ.

"ಅದು ಹಲ್ಲಿಂದು. ಇದು ಕಚ್ಚಿದ್ದರದು."

ಎರಡು ಹಲ್ಲೂ ಹೆಚ್ಚು ಎಳೆಯದೆಯೇ ಬಂದುಬಿಟ್ಟವು. ಗಾಯ ಮಾಯುವುದಕ್ಕೆ, ಇಂಪ್ಲಾಂಟು ಮೂಳೆಗೆ ಕಚ್ಚಿಕೊಳ್ಳುವುದಕ್ಕೆ, ಅದರ ಮೇಲೆ ಹಲ್ಲು ಕೂರಿಸುವುದಕ್ಕೆ ಬೇಸಿಗೆಯ ತನಕ ಸಮಯವಿತ್ತು. ಅಲ್ಲಿಯವರೆಗೆ ಆ ತೊಗಟೆಯನ್ನು ಡ್ರಾಯರಿನಲ್ಲಿ ಇಡಲು ಮನಸ್ಸು ಬರಲಿಲ್ಲ. ಮನೆಗೆ ಒಯ್ದು ದೇವರ ಗೂಡಿನಲ್ಲಿಟ್ಟು, ಅಜ್ಜಿಗೆ ಹಲ್ಲು ಕೂಡಿಬರಲಿ ಎಂದು ಬೇಡಿಕೊಳ್ಳೋಣ ಅನ್ನಿಸಿತು. ಕ್ಲಿನಿಕ್ಕಿನಿಂದಲೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಮ್ಮ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು.

"ಎಷ್ಟ್ ಚೆನ್ನಾಗಿದ್ಯೇ! ಯಾವ್ ಸೂಜೀಲಿ ಚುಚ್ಚಿದಾರೆ?"

"ಸೂಜಿ ಅಲ್ಲಮ್ಮ. ಹಲ್ಲಲ್ಲಿ ಕಚ್ಚಿರೋದು."

"ಅಯ್ಯೋ, ಎಂಜಲು ಕಣೇ ಅದು! ದೇವ್ರ ಹತ್ರ ಇಡ್ತೀಯಾ?"

ನಾನು ಸಿಡಿದುಬಿದ್ದೆ. ನೀನು ಯಾವ ಕಾಲದಲ್ಲಿದ್ದೀಯಾ, ಅದು ಒಂದು ಜನರ ಕಲೆ, ಹಾಗೆಲ್ಲ ಅನ್ನಬಾರದು ಎಂದು ಭಾಷಣ ಬಿಗಿದೆ. ಅಮ್ಮ, "ಸರಿ ಬಿಡಮ್ಮ, ನೀನು ಓದಿದವಳು" ಎಂದು ಫೋನಿಟ್ಟಳು.

ಮಾರನೆಯ ದಿನ ಬೆಳಗ್ಗೆ, ಪೇಷೆಂಟುಗಳು ಬರುವ ಮೊದಲು, ನಾನು ಮಾಡಿದ ಕೆಲಸವನ್ನು ಹೇಗೆ ಹೇಳಿದರೂ ಅದು ಅಷ್ಟೇ. ಸಂಜೆ ಮನೆಗೆ ಒಯ್ಯಲೆಂದು ತೊಗಟೆಯನ್ನು ಕೈಗೆ ತೆಗೆದುಕೊಂಡೆ. ಕೀವು ತುಂಬಿದ ಬಾಯಿಂದ ಬಂದದ್ದು, ಒಮ್ಮೆ ಸ್ಟೆರಿಲೈಸ್ ಮಾಡಿದರೆ ನಷ್ಟವೇನು ಎಂದುಕೊಂಡೆ. ಅದು ಡಾಕ್ಟರು ಯೋಚಿಸುವ ಹಾಗೆಯೇ ಇತ್ತು. ಉಪಕರಣಗಳನ್ನು ಹಾಕುವ ಕಾಗದದ ಪೊಟ್ಟಣಕ್ಕೆ ಅದನ್ನೂ ಹಾಕಿ, ಅಂಚು ಅಂಟಿಸಿ, ಆಟೊಕ್ಲೇವಿನೊಳಗೆ ಇಕ್ಕಳಗಳ ಪಕ್ಕದಲ್ಲಿಟ್ಟು ಬಾಗಿಲು ಮುಚ್ಚಿದೆ. ಇನ್ನೂರ ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟಿನ ಹಬೆ. ಮರದ ತೊಗಟೆ ಅದರಲ್ಲಿ ಏನಾಗಬಹುದು ಎಂದು ಹತ್ತನೇ ಕ್ಲಾಸಿನ ಹುಡುಗಿಗೂ ಗೊತ್ತಿರುತ್ತದೆ. ನನಗೂ ಗೊತ್ತಿತ್ತು. ಆ ಗಳಿಗೆಯಲ್ಲಿ ಅದನ್ನು ತೊಳೆಯಬೇಕು ಅನ್ನುವುದೊಂದೇ ಕೈಗೆ ನೆನಪಿತ್ತು.

ಹೊರಗೆ ಬಂದದ್ದು ಬೆರಳಷ್ಟು ದಪ್ಪದ ಒಂದು ಕಂದು ಸುರುಳಿ. ಮೆಲ್ಲಗೆ ಬಿಡಿಸಿದೆ, ಅಂಚು ಸೀಳಿತು. ಹಬೆಗೆ ನಾರು ಉಬ್ಬಿ ಚುಕ್ಕಿಗಳು ತುಂಬಿಕೊಂಡಿದ್ದವು. ದೀಪಕ್ಕೆ ಹಿಡಿದರೆ ಹೂವಿಲ್ಲ, ಹಕ್ಕಿಯಿಲ್ಲ. ಸ್ಟೂಲಿನ ಮೇಲೆ ಕೂತು ಅತ್ತೆ. ಆಮೇಲೆ ಅದನ್ನು ಅದೇ ಪೊಟ್ಟಣದಲ್ಲಿಟ್ಟು ಡ್ರಾಯರಿಗೆ ಹಾಕಿದೆ, ಮೊದಲ ಪೇಷೆಂಟನ್ನು ಒಳಗೆ ಕರೆದೆ.

ಅಜ್ಜಿಗೆ ಹೇಳಲಿಲ್ಲ. ಹೊಸ ಹಲ್ಲು ಚೆನ್ನಾಗಿ ಕೂತರೆ ಅವರೇ ಅದನ್ನು ಮತ್ತೆ ಕಚ್ಚಿ ಬರೆಯುತ್ತಾರೆ, ಆಗ ಹೇಳಿದರಾಯಿತು ಎಂದು ಮುಂದೂಡಿದೆ. ಹಲ್ಲೇನೋ ಚೆನ್ನಾಗಿಯೇ ಕೂತಿತು. ನಾನು ಮಾಡಿಸಿದ ಹಲ್ಲುಗಳಲ್ಲೇ ಅಷ್ಟು ಒಳ್ಳೆಯವು ಬೇರಿಲ್ಲ. ಆದರೆ ಹುಟ್ಟಿನ ಹಲ್ಲಿಗೂ ಮೂಳೆಗೂ ನಡುವೆ ಒಂದು ತೆಳ್ಳನೆಯ ನಾರಿನ ಪದರ ಇರುತ್ತದೆ. ಅನ್ನದಲ್ಲಿ ಒಂದು ಕಲ್ಲು ಸಿಕ್ಕರೆ ಮೊದಲು ಗೊತ್ತಾಗುವುದು ಅದಕ್ಕೆ. ಇಂಪ್ಲಾಂಟಿಗೆ ಆ ಪದರ ಇರುವುದಿಲ್ಲ, ಲೋಹ ನೇರವಾಗಿ ಮೂಳೆಗೆ ಅಂಟಿಕೊಂಡಿರುತ್ತದೆ. ಇದನ್ನು ಓದಿ ಪರೀಕ್ಷೆ ಬರೆದವಳು ನಾನು. ಅಭ್ಯಾಸವಾದರೆ ಸರಿಹೋಗುತ್ತದೆ ಎಂದು ಅಜ್ಜಿಗೆ ಹೇಳಿದವಳೂ ನಾನೇ. ಎಲ್ಲಿಯವರೆಗೆ ಒತ್ತಿದೆ, ಎಲ್ಲಿ ನಿಲ್ಲಿಸಬೇಕು ಎಂಬುದು ಆ ಹಲ್ಲುಗಳಿಗೆ ತಿಳಿಯುತ್ತಿರಲಿಲ್ಲ. ಅಜ್ಜಿ ಕಚ್ಚಿದ್ದೆಲ್ಲ ತೂತಾಗುತ್ತಿತ್ತು. ಹೊಸ ಹಲ್ಲು ಕೂತ ಮೇಲಿನ ಮೊದಲ ಭೇಟಿಯಲ್ಲಿ ಆ ಹಳೆಯ ತೊಗಟೆ ಕೇಳಿದರು, ಹುಡುಕಿ ಕೊಡುತ್ತೇನೆ ಎಂದೆ. ಎರಡನೆಯ ಸಲವೂ ಅದೇ ಸುಳ್ಳು.

ಮೂರನೆಯ ಸಲ, ಜುಲೈಯಲ್ಲಿ, ಮಗಳ ಜೊತೆ ಬಂದರು. ಕುರ್ಚಿಯಲ್ಲಿ ಕೂತು ಒಂದು ತೊಗಟೆ ಬಿಚ್ಚಿ ತೋರಿಸಿದರು. ನಾನು ಅಂದು ಕಚ್ಚಿದ್ದಕ್ಕೂ ಅದಕ್ಕೂ ವ್ಯತ್ಯಾಸವಿರಲಿಲ್ಲ.

"ಇನ್ನು ನನ್ನಿಂದಾಗಲ್ಲ ಡಾಕ್ಟರ್. ನನ್ನ ಅದೊಂದನ್ನ ವಾಪಸ್ ಕೊಡಿ. ಅದನ್ನ ನೋಡ್ಕೊಂಡಾದ್ರೂ ಇವಳು ಕಲೀಲಿ. ಅಮ್ಮ ಕಲಿಸಿದ್ದು ಅದೊಂದೇ ಈಗ ಇರೋದು."

ಡ್ರಾಯರಿನಿಂದ ಪೊಟ್ಟಣ ತೆಗೆದುಕೊಟ್ಟೆ. ಸುರುಳಿ ಅವರ ಕೈಯಲ್ಲಿ ಎರಡು ತುಂಡಾಯಿತು. ಅವರು ತುಂಡುಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದು ನೋಡಿದರು.

"ಏನಾಯ್ತು ಇದಕ್ಕೆ?"

"ಉಪಕರಣ ಸ್ಟೆರಿಲೈಸ್ ಮಾಡೋ ಮಷೀನಿಗೆ ಹಾಕ್ದೆ."

"ಯಾಕೆ?"

ಎಂಜಲು ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಲಿ? ಸೋಂಕಿನ ಭಯ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಆ ಮುಖದ ಮುಂದೆ ಇನ್ನೊಂದು ಸುಳ್ಳು ಹೊರಡಲಿಲ್ಲ.

"ದೇವರ ಹತ್ರ ಇಡೋಣ ಅಂತಿದ್ದೆ. ಅದಕ್ಕೆ ಮುಂಚೆ ಕ್ಲೀನ್ ಆಗ್ಲಿ ಅಂತ."

ನನ್ನ ಬಾಯಿಂದ ಆ ಮಾತು ಬಂದ ಮೇಲೆ ಅದನ್ನು ಈ ಕೋಣೆಯಲ್ಲೇ, ಅಜ್ಜಿಯ ಬಾಯಲ್ಲಿ, ಮೊದಲು ಕೇಳಿದ್ದು ನೆನಪಾಯಿತು. ಮಗಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಅಜ್ಜಿ ತುಂಡುಗಳನ್ನು ಡೈರೆಕ್ಟರಿಯೊಳಗೆ ಇಟ್ಟು ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡರು. ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ನೀವೂ ತೊಳೆದ್ರಾ" ಎಂದರು.

ಆಮೇಲೆ, ಬಂದ ಕೆಲಸ ಮುಗಿಯಲಿ ಅನ್ನುವವರ ಹಾಗೆ, ತಲೆಯನ್ನು ಹಿಂದಕ್ಕೆ ಒರಗಿಸಿ ನನಗಾಗಿ ಬಾಯಿ ತೆರೆದರು. ನಾನು ಗ್ಲೌಸು ಹಾಕಿಕೊಂಡೆ.